ಜಾಂಗೋ: ಪಿಒ ಕಡತದಲ್ಲಿ ಕನ್ನಡ ಇದೆ, ಪುಟದಲ್ಲಿ ಮಾತ್ರ ಇಂಗ್ಲಿಷ್

ಪ್ರಶ್ನೆ:
ಊರಿನ ಗ್ರಂಥಾಲಯಕ್ಕೆ ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವ ಚೌಕಟ್ಟು) ಪುಟ್ಟ ತಾಣ ಮಾಡಿಕೊಟ್ಟಿದ್ದೇನೆ. ಮೊನ್ನೆ ‘ಬುಕ್ ರಿನ್ಯೂಡ್’ ಎಂಬ ಹೊಸ ಸಂದೇಶ ಸೇರಿಸಿ, ಅನುವಾದಿಸಬೇಕಾದ ಸಾಲುಗಳನ್ನು ಕೋಡ್‌ನಿಂದ ಹೆಕ್ಕಿಕೊಡುವ ಆದೇಶ ಮೇಕ್‌ಮೆಸೇಜಸ್ ಓಡಿಸಿದೆ. ಇಂಗ್ಲಿಷ್ ಸಾಲುಗಳೂ ಅವುಗಳ ಅನುವಾದವೂ ಇರುವ ಪಿಒ ಕಡತ ತೆರೆದರೆ ಅದರ ಎದುರು ಆಗಲೇ ಕನ್ನಡ ಸಾಲು ತುಂಬಿಕೊಂಡಿತ್ತು! ಸರಿ, ಕೆಲಸ ಉಳಿಯಿತು ಎಂದುಕೊಂಡು, ಆ ಕಡತವನ್ನು ತಾಣ ಓದುವ ರೂಪಕ್ಕೆ ತರುವ ಆದೇಶ ಕಂಪೈಲ್‌ಮೆಸೇಜಸ್ ಕೊಟ್ಟೆ. ಪುಟದಲ್ಲಿ ಇಂಗ್ಲಿಷೇ ಬರುತ್ತಿದೆ. ಸರ್ವರ್ ಮೂರು ಸಲ ನಿಲ್ಲಿಸಿ ಶುರು ಮಾಡಿದ್ದೂ ಆಯಿತು.

ಉತ್ತರ:
ಆ ಸಾಲಿನ ಮೇಲೆ ‘ಫಝಿ’ ಎಂಬ ಗುರುತು ಇದೆಯೇ ನೋಡಿ. ಹೊಸ ವಾಕ್ಯ ಹಳೆಯದೊಂದನ್ನು ಹೋಲುತ್ತಿದ್ದರೆ, ಈ ಆದೇಶಗಳ ಹಿಂದಿರುವ ಅನುವಾದ ಸಾಧನ ಗೆಟ್‌ಟೆಕ್ಸ್ಟ್ ಹಳೆಯದರ ಅನುವಾದವನ್ನೇ ತಂದಿಟ್ಟು ‘ಇದು ಊಹೆ’ ಎಂದು ಹೀಗೆ ಗುರುತು ಹಾಕುತ್ತದೆ. ಕಂಪೈಲ್ ಮಾಡುವಾಗ ಅಂಥ ಸಾಲುಗಳನ್ನು ಬಿಟ್ಟುಬಿಡುತ್ತದೆ. ಹಾಗೆಂದು ಗುರುತನ್ನಷ್ಟೇ ಅಳಿಸಬೇಡಿ, ತುಂಬಿಕೊಂಡ ಕನ್ನಡವನ್ನು ಮೊದಲು ಓದಿ. ಫಝಿಯನ್ನೂ ಸೇರಿಸಿಕೊಳ್ಳುವ ಆಯ್ಕೆ ಕಂಪೈಲ್‌ಮೆಸೇಜಸ್‌ನಲ್ಲಿ ಇದೆ. ನಾನಂತೂ ಅದನ್ನು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು:
ಅಬ್ಬಾ! ಅಲ್ಲಿದ್ದದ್ದು ‘ಪುಸ್ತಕ ಮರಳಿಸಲಾಗಿದೆ’. ಗುರುತನ್ನಷ್ಟೇ ಅಳಿಸಿದ್ದರೆ, ಅವಧಿ ವಿಸ್ತರಿಸಿಕೊಂಡವರಿಗೆ ಪುಸ್ತಕ ವಾಪಸು ಬಂತು ಎಂದು ಹೇಳಿಬಿಡುತ್ತಿದ್ದೆ. ‘ಪುಸ್ತಕದ ಅವಧಿ ವಿಸ್ತರಿಸಲಾಗಿದೆ’ ಎಂದು ತಿದ್ದಿ, ಫಝಿ ಸಾಲನ್ನೂ ಅದರ ಕೆಳಗೆ ಉಳಿದಿದ್ದ ಹಳೆಯ ಇಂಗ್ಲಿಷ್ ಟಿಪ್ಪಣಿಯನ್ನೂ ತೆಗೆದು ಕಂಪೈಲ್ ಮಾಡಿದೆ. ಈಗ ಬರುತ್ತಿದೆ.

ಇನ್ನೊಂದು ತಲೆನೋವು. ‘ಗೆ ನೆನಪೋಲೆ ಕಳುಹಿಸಲಾಗಿದೆ’ ಎಂಬ ಸಾಲಿನ ಮುಂದೆ ಸದಸ್ಯರ ಹೆಸರು ಕೂರುತ್ತದೆ. ‘ವೆಂಕಟೇಶ್ಗೆ’ ಎಂದು ಒತ್ತಕ್ಷರವಾಗಿ ಅಂಟಿಕೊಳ್ಳುತ್ತಿದೆ. ‘ಮಧುಗೆ’ ಎನ್ನುವುದೂ ಕಿವಿಗೆ ಹಿತವಿಲ್ಲ.

ಉತ್ತರ:
ಇದು ಜಾಂಗೋದ ತಪ್ಪಲ್ಲ, ನಮ್ಮ ವಿಭಕ್ತಿಯ ಸ್ವಭಾವ. ವೆಂಕಟೇಶ್‌ಗೆ, ಮಧುವಿಗೆ, ರಾಮನಿಗೆ: ಹೆಸರಿನ ಕೊನೆ ನೋಡಿ ಪ್ರತ್ಯಯ ಬದಲಾಗುತ್ತದೆ, ಕೋಡ್‌ಗೆ ಅದು ತಿಳಿಯದು. ಒಂದು ಜಾಗ ಬಿಟ್ಟು ‘ಅವರಿಗೆ’ ಎಂದು ಬರೆಯಿರಿ. ಎಲ್ಲ ಹೆಸರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಪುಸ್ತಕದ ಹೆಸರಾದರೆ ‘ಅವರಿಗೆ’ ನಡೆಯುವುದಿಲ್ಲ. ಉದ್ಧರಣ ಚಿಹ್ನೆಯೊಳಗಿಟ್ಟು ಮುಂದೆ ‘ಪುಸ್ತಕಕ್ಕೆ’, ‘ಪುಸ್ತಕವನ್ನು’ ಎಂದು ಸೇರಿಸಿ.

ಅಂದಹಾಗೆ, ಹೆಸರಿನ ಸಂದೇಶವನ್ನು, ಹೆಸರನ್ನು ಸಾಲಿನೊಳಗೇ ನೇರವಾಗಿ ತುಂಬಿಸುವ ಪೈಥಾನ್‌ನ ಎಫ್-ಸ್ಟ್ರಿಂಗ್‌ನಲ್ಲಿ ಬರೆದಿಲ್ಲ ತಾನೇ? ಬರೆದಿದ್ದರೆ ಹೆಸರು ಮೊದಲೇ ತುಂಬಿಹೋಗಿ, ಪಿಒ ಕಡತದ ಯಾವ ಸಾಲಿಗೂ ಹೊಂದದೆ ಮತ್ತೆ ಇಂಗ್ಲಿಷೇ ಬರುತ್ತದೆ. ಮೊದಲು ಅನುವಾದ ಆಗಲಿ, ಹೆಸರು ಆಮೇಲೆ ಕೂರಲಿ.

ಪ್ರಶ್ನೆ ಕೇಳಿದವರು:
ಎರಡು ಕಡೆ ಹಾಗೆಯೇ ಬರೆದಿದ್ದೆ. ತಿದ್ದಿದೆ. ‘ಮಧು ಅವರಿಗೆ ನೆನಪೋಲೆ ಕಳುಹಿಸಲಾಗಿದೆ’ ಎಂದು ಈಗ ಸರಿಯಾಗಿ ಬಂತು.