ಸಂಜೆಯಾಗುವಾಗ ಪ್ರಿಂಟ್ ಸ್ಪೂಲರ್ 2 ಜಿಬಿ ತಿನ್ನುತ್ತದೆ

ಹಂಪನಕಟ್ಟೆ ಝೆರಾಕ್ಸ್: ವಿಂಡೋಸ್ 10, 8 ಜಿಬಿ ರ್‍ಯಾಮ್, ಎರಡು ಪ್ರಿಂಟರ್. ಬೆಳಿಗ್ಗೆ 20 ಎಂಬಿ ಮೆಮೊರಿಯಲ್ಲಿದ್ದ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸ್ ಪ್ರೋಗ್ರಾಂ) ಸಂಜೆಗೆ 2 ಜಿಬಿ. ಎಂತ ಮಾಡುವುದು?

ಮಣಿಪಾಲದಿಂದ: ಮೊದಲು ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್ ನೋಡಿ. ‘ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್’ಗೆ ಟಿಕ್ ಇದ್ದರೆ ತೆಗೆಯಿರಿ, ಅದಿದ್ದರೆ ಪ್ರಿಂಟ್ ಮುಗಿದ ಫೈಲೂ ಸಾಲಿನಲ್ಲೇ ಉಳಿಯುತ್ತದೆ. ಆಮೇಲೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಸ್ಟಾಪ್ ಸ್ಪೂಲರ್’ ಕೊಡಿ. ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಮಾತ್ರ ಖಾಲಿ ಮಾಡಿ (ಫೋಲ್ಡರನ್ನೇ ಅಳಿಸಬೇಡಿ ಮಾರಾಯ್ರೆ). ಮತ್ತೆ ‘ನೆಟ್ ಸ್ಟಾರ್ಟ್ ಸ್ಪೂಲರ್’.

ಉಡುಪಿಯಿಂದ: ಫೋಲ್ಡರ್ ಖಾಲಿ ಇದ್ದೂ ಮೆಮೊರಿ ಏರುತ್ತಿದ್ದರೆ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಮೇಲೆಯೇ ಸಂಶಯ. ಅದು ಹಲವು ಸಲ ಸ್ಪೂಲರ್ ಒಳಗೇ ಓಡುವುದರಿಂದ ಬೈಗುಳ ಸ್ಪೂಲರಿಗೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಲ್ಲಿ ಹಳೆಯ ಡ್ರೈವರನ್ನು ಪ್ಯಾಕೇಜ್ ಸಮೇತ ತೆಗೆದು ಹೊಸದು ಹಾಕಿ. ಒಂದು ದಿನ ಒಂದೇ ಪ್ರಿಂಟರ್ ಬಳಸಿದರೆ ಮೆಮೊರಿ ತಿನ್ನುವುದು ಯಾವುದರ ಡ್ರೈವರ್ ಎಂದು ಗೊತ್ತಾಗುತ್ತದೆ.