ಪೆಕಾನ್ ಸಸಿ ತರಿಸುವ ಮೊದಲು ಇದನ್ನು ಕೇಳು

ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪೆಕಾನ್, ಅಂದರೆ ಆ ಅಕ್ರೋಟಿನಂಥ ಕಾಯಿ ಬಿಡುವ ಮರದ ಸಸಿಗಳ ಚಿತ್ರವನ್ನೂ ಅದರ ಕೆಳಗಿನ ‘ಮೂರೇ ವರ್ಷಕ್ಕೆ ಭರ್ತಿ ಫಸಲು’ ಎಂಬ ಮಾತನ್ನೂ ನೋಡಿದೆ. ಬೈಲಹೊಂಗಲದ ಎರಡೂ ಎಕರೆಗೆ ಇದನ್ನೇ ಹಚ್ಚಿಬಿಡಲೇ ಎಂದು ಕೇಳಿದ್ದೀಯ. ಬರೆಯುತ್ತ ಕುಳಿತರೆ ಅರ್ಧ ಮಾತು ಉಳಿದುಬಿಡುತ್ತದೆ, ಅದಕ್ಕೇ ಮಾತನಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳು. ಎರಡು ಎಕರೆಗೆ ಬೇಡ. ನಾಲ್ಕು ಗಿಡ ಹಚ್ಚು, ಆ ನಾಲ್ಕನ್ನು ಚೆನ್ನಾಗಿ ಹಚ್ಚು.

ಸೈನ್ಯದಲ್ಲಿದ್ದಾಗ ಹಿಮಾಚಲದ ಕಾಂಗ್ರಾ ಕಡೆ ಈ ಮರಗಳನ್ನು ಹತ್ತಿರದಿಂದ ನೋಡಿದ್ದೇನೆ. ಚಳಿಗಾಲದಲ್ಲಿ ಒಂದು ಎಲೆಯೂ ಉಳಿಯುವುದಿಲ್ಲ. ಬೇಸಿಗೆಯ ಹೊತ್ತಿಗೆ ಹೋದ ವರ್ಷದ ಟೊಂಗೆಯಿಂದ ಗಂಡು ಹೂವಿನ ಹಸಿರು ಕುಚ್ಚುಗಳು ಜೋತುಬೀಳುತ್ತವೆ. ಹಣ್ಣಾದ ಕುಚ್ಚನ್ನು ಬೆರಳಿನಿಂದ ತಟ್ಟಿದರೆ ಅಂಗೈ ತುಂಬ ಹಳದಿ ಪುಡಿ. ಹೆಣ್ಣು ಹೂವು ಹೊಸ ಚಿಗುರಿನ ತುದಿಯಲ್ಲಿ ಎಷ್ಟು ಸಣ್ಣದಾಗಿರುತ್ತದೆ ಎಂದರೆ ತೋರಿಸಿಕೊಟ್ಟ ಹೊರತು ಕಣ್ಣಿಗೆ ಬೀಳುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಹಸಿರು ಸಿಪ್ಪೆ ನಾಲ್ಕು ಸೀಳಾಗಿ ಬಿರಿಯುತ್ತದೆ, ಒಳಗೆ ಕಪ್ಪು ಗೆರೆಗಳಿರುವ ಕಂದು ಕಾಯಿ. ನನಗೂ ಈ ಮರದ ಮೇಲೆ ಬಹಳ ಪ್ರೀತಿ ಇದೆ. ಹಾಗಾಗಿ ನಿನಗೆ ಬೇಡ ಅನ್ನುವುದು ಸುಮ್ಮನೆ ಅಲ್ಲ.

ಮೊದಲನೆಯ ತೊಡಕು ಚಳಿ. ಈ ಮರ ನಿದ್ದೆ ಹೋಗಬೇಕು, ಎದ್ದು ಒಟ್ಟಿಗೆ ಚಿಗುರಬೇಕು. ಅದಕ್ಕೆ ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ನೂರಾರು ಗಂಟೆ ಬೇಕು. ತಳಿಯಿಂದ ತಳಿಗೆ ಲೆಕ್ಕ ಬೇರೆ, ಅಕ್ರೋಟಿಗಿಂತ ಕಡಿಮೆ ಚಳಿ ಸಾಕು ಅನ್ನುವುದೂ ನಿಜ. ಆದರೆ ನಮ್ಮ ಬೆಳಗಾವಿ ಸೀಮೆಯಲ್ಲಿ ಡಿಸೆಂಬರ್ ರಾತ್ರಿಯೂ ಅಲ್ಲಿಗೆ ಇಳಿಯುವುದು ಅಪರೂಪ. ಚಳಿ ಸಾಲದಿದ್ದರೆ ಮರ ಸಾಯುವುದಿಲ್ಲ, ಅಡ್ಡಾದಿಡ್ಡಿಯಾಗಿ ಚಿಗುರುತ್ತದೆ, ಹೂವಿನ ವೇಳೆ ತಪ್ಪುತ್ತದೆ. ಈ ಮರಕ್ಕೆ ಹೂವಿನ ವೇಳೆಯೇ ಪ್ರಾಣ. ಒಂದೇ ಮರದಲ್ಲಿ ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ, ಆದರೆ ಎರಡೂ ಒಟ್ಟಿಗೆ ಹದಕ್ಕೆ ಬರುವುದಿಲ್ಲ. ವೆಸ್ಟರ್ನ್ ಶ್ಲೇ ತಳಿಯಲ್ಲಿ ಪರಾಗ ಮೊದಲು ಉದುರುತ್ತದೆ, ಮಹಾನ್ ತಳಿಯಲ್ಲಿ ಹೆಣ್ಣು ಹೂವು ಮೊದಲು ಅರಳುತ್ತದೆ. ಎರಡೂ ಜೊತೆಗಿದ್ದರೆ ಒಂದಕ್ಕೊಂದು ಆಸರೆ. ಪರಾಗ ಒಯ್ಯುವುದು ಗಾಳಿ, ಜೇನುಪೆಟ್ಟಿಗೆ ಇಟ್ಟರೆ ಉಪಯೋಗವಿಲ್ಲ. ನಾಲ್ಕು ಗಿಡ ಎಂದದ್ದು ಇದಕ್ಕೇ: ಇದು ಎರಡು, ಅದು ಎರಡು.

ಸಸಿ ಕಸಿಯದೇ ಆಗಿರಬೇಕು. ಬೀಜದಿಂದ ಬೆಳೆಸಿದ್ದು ತಾಯಿಯ ಗುಣ ತರುವುದಿಲ್ಲ, ಫಸಲಿಗೆ ಹತ್ತು ಹದಿನೈದು ವರ್ಷ ಕಾಯಿಸುತ್ತದೆ. ಕಸಿ ಗಿಡವೂ ನೆಟ್ಟಗೆ ಕಾಯಿ ಕೊಡಲು ಆರೆಂಟು ವರ್ಷ ಬೇಕು, ಮೂರು ವರ್ಷದ ಮಾತು ನಂಬಬೇಡ. ಈ ಮರಕ್ಕೆ ಕಸಿ ಕಟ್ಟಿ ಗೆದ್ದವನು ಅಮೆರಿಕದ ಲೂಸಿಯಾನದ ಒಂದು ತೋಟದಲ್ಲಿ ಗುಲಾಮನಾಗಿದ್ದ ಆಂಟ್ವಾನ್ ಎಂಬ ಮಾಲಿ, 1846-47ರ ಸುಮಾರಿಗೆ. ಅವನು ಕಟ್ಟಿದ ತಳಿಯನ್ನೇ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಮೆಚ್ಚಿದರು. ಅಷ್ಟು ದೊಡ್ಡ ಕೆಲಸ ಮಾಡಿದವನ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳು. ಇರಲಿ, ಮಾತು ಬೇರೆಡೆ ಹೋಯಿತು.

ಇನ್ನು ಮಣ್ಣು. ಮಿಸಿಸಿಪ್ಪಿ ನದಿಯ ಮೆಕ್ಕಲು ಮಣ್ಣಿನಲ್ಲಿ ಹುಟ್ಟಿದ ಮರ ಇದು. ಬೇರು ಆಳಕ್ಕೆ ಇಳಿಯಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ನಿಮ್ಮದು ಎರೆ ಭೂಮಿ. ಈಗಲೇ ಮೂರು ಅಡಿ ಗುಂಡಿ ತೋಡಿ, ನೀರು ತುಂಬಿಸಿ, ಮರುದಿನ ಹೋಗಿ ನೋಡು. ನೀರು ಇನ್ನೂ ನಿಂತಿದ್ದರೆ ಆ ಜಾಗ ಬಿಡು, ಹಳ್ಳದ ದಂಡೆಯ ಎತ್ತರದ ಬದುವಿಗೆ ಹೋಗು. ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಸತು, ಅಂದರೆ ಜಿಂಕ್, ಇದ್ದರೂ ಬೇರಿಗೆ ದಕ್ಕುವುದಿಲ್ಲ, ಪೆಕಾನ್‌ಗೆ ಸತು ಇಲ್ಲದೆ ನಡೆಯುವುದೇ ಇಲ್ಲ. ಎಲೆ ಕಿರಿದಾಗಿ, ಅಂಚು ಅಲೆಯಾಗಿ, ಚಿಗುರಿನ ತುದಿಯಲ್ಲಿ ಗೊಂಚಲುಗಟ್ಟಿ ನಿಂತರೆ ಅದೇ ಕೊರತೆ. ಮಣ್ಣಿಗೆ ಸುರಿದರೆ ಅಲ್ಲೇ ಕಟ್ಟಿಹೋಗುತ್ತದೆ. ಚಿಗುರು ಬಿಡುವಾಗಿನಿಂದ ಎರಡು ಮೂರು ವಾರಕ್ಕೊಮ್ಮೆ ಎಲೆಗೇ ಜಿಂಕ್ ಸಲ್ಫೇಟ್ ಸಿಂಪಡಿಸಬೇಕು. ಪ್ರಮಾಣವನ್ನು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳು, ಹೇಗೂ ನಿನ್ನ ಊರಿನ ತಾಲ್ಲೂಕಿನಲ್ಲೇ ಇದೆ. ಮಣ್ಣು ಪರೀಕ್ಷೆಯನ್ನೂ ಅಲ್ಲಿಯೇ ಮಾಡಿಸು.

ನೆಡುವಾಗ ತಾಯಿಬೇರನ್ನು ನೋಡು. ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರಿನ ಸಸಿ ಎಷ್ಟು ಅಗ್ಗವಾದರೂ ಬೇಡ. ಗಿಡದಿಂದ ಗಿಡಕ್ಕೆ 40 ಅಡಿ ಬಿಡು. ಆ ಲೆಕ್ಕದಲ್ಲಿ ಎಕರೆಗೆ 27 ಮರವೇ ಹಿಡಿಯುವುದು, ಮಾರುವವನು ನಿನಗೆ ಹೇಳಿದ ಇನ್ನೂರು ಗಿಡ ಎಲ್ಲಿ ನಿಲ್ಲಿಸುತ್ತೀಯ? ಎಳೆಯ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ 40–50 ಲೀಟರ್ ನೀರು, ಬುಡದ ಸುತ್ತ ಮೂರು ಅಡಿ ಕಳೆ ಇರಬಾರದು, ಏಪ್ರಿಲ್ ಬಿಸಿಲಿಗೆ ಕಾಂಡಕ್ಕೆ ಸುಣ್ಣ ಬಳಿ. ನಡುವಿನ ಒಂದೇ ಕಾಂಡವನ್ನು ನೇರವಾಗಿ ಬೆಳೆಸು. ಇಕ್ಕಟ್ಟಾದ ಕವಲು ಕಾಯಿ ಭಾರಕ್ಕೆ, ಮೇ ತಿಂಗಳ ಗಾಳಿಗೆ ಸೀಳಿಹೋಗುತ್ತದೆ, ಅದನ್ನು ಎಳೆಯದರಲ್ಲೇ ತೆಗೆ. ಕಾಯಿ ಹಿಡಿದ ಮೇಲೂ ಒಂದು ವರ್ಷ ಹೆಚ್ಚು, ಮರು ವರ್ಷ ಕಡಿಮೆ ಬರುವುದು ಇದರ ಸ್ವಭಾವ. ತಿರುಳು ತುಂಬುವ ಹೊತ್ತಿಗೆ ನೀರು ತಪ್ಪಿದರೆ ಕಾಯಿ ಒಡೆದಾಗ ಸೊರಗಿದ ತಿರುಳೇ ಸಿಗುತ್ತದೆ.

ಉಳಿದ ಹೊಲದಲ್ಲಿ ಸೋಯಾ, ಕಡಲೆ ಎಂದಿನಂತೆ ನಡೆಯಲಿ, ಮನೆ ನಡೆಯುವುದು ಅದರಿಂದಲೇ. ನಾಲ್ಕು ಮರ ನಮ್ಮ ಹವೆಗೆ ಒಗ್ಗಿ ಕಾಯಿ ಕೊಟ್ಟರೆ ಆಗ ಮುಂದಿನ ಮಾತು. ಮುಂಗಡ ಹಣ ಕಳಿಸಿಲ್ಲವಾದರೆ ತಡೆ. ತಳಿಯ ಹೆಸರೇನು, ಕಸಿ ಕಟ್ಟಿದ್ದು ಯಾವಾಗ, ನಮ್ಮ ಕಡೆ ಕಾಯಿ ಬಿಟ್ಟ ಮರ ಎಲ್ಲಿದೆ ಎಂದು ಅವನನ್ನು ಕೇಳಿ, ಬಂದ ಉತ್ತರವನ್ನು ಇಲ್ಲೇ ಗುಂಪಿನಲ್ಲಿ ಹಾಕು.