ಸಹಾಯ ಬೇಕು: ವಸಡಿನ ಗ್ರಾಫ್ಟ್ ಸರ್ಜರಿ ಆಗಿ ಐದಾರು ವರ್ಷ ಕಳೆದವರು ಇದ್ದೀರಾ?

ನಮಸ್ಕಾರ ಎಲ್ಲರಿಗೂ. ನಮ್ಮ ಅಮ್ಮನಿಗೆ ಕೆಳಸಾಲಿನ ಮುಂದಿನ ಹಲ್ಲುಗಳ ವಸಡು ಇಳಿದು ಹಳದಿ ಬೇರು ಕಾಣುತ್ತಿದೆ. ತಣ್ಣೀರು ತಾಗಿದರೆ ಸಾಕು, ಜುಮ್ ಅನ್ನುತ್ತದಂತೆ. ಮಜ್ಜಿಗೆಗೂ ಬಿಸಿನೀರು ಬೆರೆಸಿ ಕುಡಿಯುತ್ತಾರೆ, ಪಾಪ. ಡಾಕ್ಟರ್ ಅಂಗುಳಿನ ಒಳಪದರ ಸ್ವಲ್ಪ ತೆಗೆದು ಅಲ್ಲಿಗೆ ಹೊಲಿಯುವ ಗ್ರಾಫ್ಟ್ ಮಾಡಿಸಿ ಅಂದಿದ್ದಾರೆ. ಹಲ್ಲುಗಳ ನಡುವಿನ ಮೂಳೆ ಚೆನ್ನಾಗಿದ್ದರೆ ಬೇರು ಪೂರ್ತಿ ಮುಚ್ಚುವ ಸಾಧ್ಯತೆ ಜಾಸ್ತಿ, ಆದರೆ ಬ್ರಷ್ಷಿನಲ್ಲಿ ಗಸಗಸ ಉಜ್ಜುವುದು ಬಿಡದಿದ್ದರೆ ಮತ್ತೆ ಇಳಿಯಬಹುದು ಅಂತಲೂ ಹೇಳಿದರು.

ಮೊದಲ ಆರು ತಿಂಗಳು ಚೆನ್ನಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ, ಅದಲ್ಲ ನನಗೆ ಬೇಕಿರುವುದು. ವರ್ಷಗಳಾದ ಮೇಲೂ ವಸಡು ಹಾಗೇ ನಿಂತಿದೆಯಾ? ಜುಮ್ಮೆನ್ನುವುದು ಮತ್ತೆ ಶುರುವಾಯಿತಾ? ಅಮ್ಮನಿಗೆ ಶುಗರ್ ಬೇರೆ ಇದೆ, ಅಂಗುಳಿನ ಗಾಯ ಬೇಗ ಮಾಯುತ್ತದೋ ಇಲ್ಲವೋ ಅನ್ನುವುದೇ ದೊಡ್ಡ ಭಯ. ಶುಗರ್ ಇದ್ದೂ ಮಾಡಿಸಿಕೊಂಡವರು ದಯವಿಟ್ಟು ಬರೆಯಿರಿ.